ಹೊಟ್ಟಿನ ಉಗಿಗೆ ಬೆಸುಗೆ ಹಾಕಿದ ಯೂನುಸ

"ಆ ಕಲ್ಲು ತಗಿ ಸಾಬಣ್ಣ! ತಗಿ ಅಂದ್ರ ತಗಿ!"

"ತಗದ್ರ ಗಿರಣಿ ತಿರಗಂಗಿಲ್ಲೋ. ಹೊರಗ ನೋಡು, ಎಷ್ಟ್ ಬುಟ್ಟಿ ಕುಂತಾವ."

"ಬುಟ್ಟಿ ಅಲ್ಲಲೇ, ಮಂದಿ ಕುಂತಾರ! ಬಾಯ್ಲರ್ ಗ್ವಾಡಿಗೆ ಬೆನ್ನ ಹಚ್ಚಿ ಕುಂತಾರ!"

ಕೆಂಭಾವಿಯಲ್ಲಿ ಇನ್ನೂ ಬೆಳಕು ಹರಿದಿಲ್ಲ. ಹಿಟ್ಟಿನ ಗಿರಣಿಯ ಹೊಗೆಯಲ್ಲಿ ಕೆಮ್ಮುತ್ತ ಕೂಗಾಡುತ್ತಿರುವವನು ಯೂನುಸ, ವೆಲ್ಡಿಂಗ್ ಕೆಲಸದವನು, ವಯಸ್ಸು ನಲವತ್ತೆಂಟು. ಎದುರಿಗೆ ಗಿರಣಿಯ ಮಾಲೀಕ ಸಾಬಣ್ಣ. ಉಗಿ ಮಿತಿ ಮೀರಿದರೆ ಬಾಯ್ಲರಿನ ಮೇಲಿನ ಸಣ್ಣ ಮುಚ್ಚಳ ತಾನೇ ಎದ್ದು ಅದನ್ನು ಹೊರಬಿಡಬೇಕು. ಉಗಿ ಒಳಗೇ ಉಳಿದು ಗಿರಣಿ ಜೋರಾಗಿ ತಿರುಗಲೆಂದು, ಅದು ಏಳದಂತೆ ಸಾಬಣ್ಣ ತಕ್ಕಡಿಯ ಎರಡು ಕಿಲೊ ಕಲ್ಲು ತೂಗುಹಾಕಿದ್ದಾನೆ.

ಕಾಲುವೆ ಬಂದ ಮೇಲೆ ಸುತ್ತ ಭತ್ತವೇ ಭತ್ತ. ದಂಡೆಯ ಪಂಪುಗಳು ಕರೆಂಟು ಕುಡಿಯುತ್ತವೆ. ಗಿರಣಿಗೆ ಬೇಕಾದಾಗ ಅದು ಇರುವುದಿಲ್ಲ. ಭತ್ತದ ಹೊಟ್ಟು ಮಾತ್ರ ಗುಡ್ಡವಾಗಿ ಬಿದ್ದಿರುತ್ತದೆ. ಅದನ್ನೇ ಸುಟ್ಟು, ಉಗಿಯಿಂದ ಜೋಳ ಬೀಸೋಣ ಎಂದವನು ಯೂನುಸ. ಶಹಾಪುರದ ಗುಜರಿಯಿಂದ ಟ್ಯಾಂಕರಿನ ತಗಡು, ಕೆಟ್ಟ ಡೀಸೆಲ್ ಇಂಜಿನ್ ತಂದು ಮೂರು ವರ್ಷ ಗುದ್ದಾಡಿದ. ಮೊದಲ ಬಾಯ್ಲರು ಬೆಸುಗೆಯಲ್ಲೇ ಸೀಳಿತು. ಎಡಗೈಯ ಮೂರು ಬೆರಳು ಇವತ್ತಿಗೂ ಮಡಚುವುದಿಲ್ಲ. ಅಂಗಿಯ ಗುಂಡಿಯನ್ನು ಹೆಂಡತಿ ಮೌಲಾಬಿ ಹಾಕಬೇಕು.

ಈಗ ದಿನಕ್ಕೆ ಆರು ಚೀಲ ಹೊಟ್ಟು ಸುಟ್ಟರೆ ಐವತ್ತು ಬುಟ್ಟಿ ಜೋಳ ಹಿಟ್ಟಾಗುತ್ತದೆ. ನೋಡಲು ಬಂದವರು ಫೋಟೊ ಹಿಡಿಯುವುದು ಸಾಬಣ್ಣನದು. ಊರ ಬಾಯಲ್ಲಿ ಅದು ಸಾಬಣ್ಣನ ಇಂಜಿನ್. ಬಾಯ್ಲರಿನೊಳಗೆ ಮಲಗಿ ಬೆಸುಗೆ ಹಾಕಿದವನ ಹೆಸರು ಯಾರಿಗೂ ಬೇಡ.

"ಹೆಸರು ತಗೊಂಡು ನೆಕ್ಕೋದೇನ್ರಿ?" ಎನ್ನುತ್ತಾನೆ ಯೂನುಸ. "ನನ್ನ ಬೆಸುಗಿ ಎಷ್ಟು ತಡಿತದ ನನಗ ಗೊತ್ತದ. ಅದಕ್ಕ ಅಂಜತೀನಿ."

ಕಲ್ಲಿನ ಜಗಳದ ಆ ಮುಂಜಾನೆ ಅವನು ಹೊರಬಂದು, ಬಾಯ್ಲರಿನ ಗೋಡೆಗೆ ಬೆನ್ನು ಹಚ್ಚಿ ಕುಂತ ಹೆಂಗಸರಿಗೆ ಹೇಳುತ್ತಾನೆ: "ಏಳ್ರಿ ಯವ್ವಾ, ರಸ್ತೆದಾಗ ಕುಂದರ್ರಿ."

"ಥಂಡಿ ಅದಪ್ಪಾ, ಇಲ್ಲಿ ಬೆಚ್ಚಗದ. ಹೆಂಡ್ತಿ ಮನಿ ಬಿಟ್ಟು ಓಡಿಸ್ಯಾಳೇನು, ಮುಂಜಾನೆನ ನಮಗ ಗಂಟು ಬಿದ್ದಿ?" ಎಂದು ಮುದುಕಿ ಹನುಮಮ್ಮ ಕೆಣಕುತ್ತಾಳೆ. ಎಲ್ಲರೂ ನಗುತ್ತಾರೆ. ಒಬ್ಬರೂ ಏಳುವುದಿಲ್ಲ.

ಒಳಗೆ ಹೋಗಿ ಕಲ್ಲಿಗೆ ಕೈ ಹಾಕಿದರೆ ಸಾಬಣ್ಣ ಮುಂಗೈ ಹಿಡಿಯುತ್ತಾನೆ. "ಗಿರಣಿ ನಂದು. ಮುಟ್ಟಬ್ಯಾಡ."

ಯೂನುಸ ಕೈ ಬಿಡಿಸಿಕೊಂಡು, ಹೆಂಗಸರನ್ನು ದಾಟಿ ನಡೆದುಬಿಡುತ್ತಾನೆ. ಅದಾಗಿ ನಾಲ್ಕು ತಿಂಗಳು. ಕಲ್ಲು ತೆಗೆಯದಿದ್ದರೆ ಬಾಯ್ಲರು ಒಡೆಯುತ್ತದೆ ಎಂದು ಊರ ಹಿರಿಯರಿಗೂ ಹೇಳಿ ನೋಡಿದ. ಅವರ ಮನೆಯ ಜೋಳ ಬೀಸುವುದೂ ಅಲ್ಲೇ, ಕಲ್ಲು ಇನ್ನೂ ತೂಗುತ್ತಲೇ ಇದೆ. ಯೂನುಸ ಈಗ ಗೋಗಿ ಊರಿನಲ್ಲಿ ಟ್ರ್ಯಾಕ್ಟರ್ ಟ್ರಾಲಿಗಳಿಗೆ ಬೆಸುಗೆ ಹಾಕುತ್ತಾನೆ. ಗಿರಣಿಯ ಹೊಸ್ತಿಲು ಮತ್ತೆ ತುಳಿದಿಲ್ಲ.

"ನಂದು ಒಂದ ಆಸೆ ಅದರಿ," ಎನ್ನುತ್ತಾನೆ. "ನಾ ಹೇಳಿದ್ದು ಸುಳ್ಳಾಗ್ಲಿ."