ಕವಣೆಗೆ ಸೋತ ಕೆಂಪು ಪೆನ್ನು

ಕಳೆದ ಗುರುವಾರ ನಾನು ನಮ್ಮ ಹೆಡ್ ಮಾಸ್ತರರ ಹೊಟ್ಟೆಗೆ ಕವಣೆಯಿಂದ ಹೊಡೆದೆ. ಬೇಕಂತಲೇ ಅಲ್ಲ. (ಅವರು ಇನ್ನೂ ನಂಬಿಲ್ಲ.)

ಮಹಾರಾಷ್ಟ್ರದ ಜತ್ತ ತಾಲೂಕಿನ ಗಡಿ ಹಳ್ಳಿಯೊಂದರ ಕನ್ನಡ ಶಾಲೆಯಲ್ಲಿ ನಾನು ವಿಜ್ಞಾನ ಕಲಿಸುವವನು. ಏಳನೇ ತರಗತಿಗೆ ಚಲನೆ ಮತ್ತು ಬಲದ ಪಾಠ ಮುಗಿಸಿ ಇಪ್ಪತ್ತು ಮಾರ್ಕಿನ ಟೆಸ್ಟ್ ಕೊಟ್ಟಿದ್ದೆ. ಇಪ್ಪತ್ತಕ್ಕೆ ಇಪ್ಪತ್ತು ತೆಗೆದವರನ್ನು ಮಾತ್ರ ಜತ್ತಿನ ವಿಜ್ಞಾನ ಪ್ರದರ್ಶನಕ್ಕೆ ಕಳಿಸುವುದು! ಹಾಗಂತ ಬೋರ್ಡ್ ಮೇಲೆ ದಪ್ಪ ಅಕ್ಷರದಲ್ಲಿ ಬರೆದವನೂ ನಾನೇ.

ಯಾರಿಗೂ ಇಪ್ಪತ್ತು ಬರಲಿಲ್ಲ. ಆಸ್ಮಾ ಎಂಬ ಹುಡುಗಿಗೆ ಹತ್ತೊಂಬತ್ತು ಬಂತು.

ಅವಳದು ತಪ್ಪಿದ್ದು ಒಂದೇ ಪ್ರಶ್ನೆ. ದಾರಕ್ಕೆ ಕಟ್ಟಿದ ಕಲ್ಲನ್ನು ಗರಗರ ತಿರುಗಿಸುವಾಗ ದಾರ ಹರಿದರೆ ಕಲ್ಲು ಯಾವ ಕಡೆ ಹೋಗುತ್ತದೆ? ಬಾಣ ಎಳೆದು ತೋರಿಸಿ. ಸರಿ ಉತ್ತರ: ವೃತ್ತದ ನಡುವಿನಿಂದ ನೇರ ಹೊರಗೆ. (ನನ್ನ ಸರಿ ಉತ್ತರ!) ಆಸ್ಮಾಳ ಬಾಣ ವೃತ್ತದ ಅಂಚನ್ನು ಸವರಿಕೊಂಡು ಪಕ್ಕಕ್ಕೆ ಹೋಗಿತ್ತು. ನಾನು ಕೆಂಪು ಪೆನ್ನಿನಿಂದ ದೊಡ್ಡ ಇಂಟು ಹಾಕಿದ್ದೆ.

"ಸರ್ರ, ನಂದು ಬರೋಬ್ಬರಿ ಐತ್ರಿ," ಎಂದಳು. ಕಣ್ಣ ತುಂಬ ನೀರು.

"ಹುಚ್ಚಿ, ಎಸ್‌ಟಿ ಬಸ್ಸು ಹೊಳ್ಳಿದಾಗ ನಾವು ಯಾ ಕಡಿ ಬೀಳ್ತೀವಿ? ಹೊರಗಿನ ಕಡಿ ಅಲ್ಲೇನು?"

ಎಂಥಾ ಉದಾಹರಣೆ! ಇಡೀ ಕ್ಲಾಸು ತಲೆಯಾಡಿಸಿತು. ಉಟಗಿ ಊರಿನ ಬಸ್ಸಿನಲ್ಲಿ ಪಕ್ಕದವರ ಮೈಮೇಲೆ ಬೀಳದವರು ನಮ್ಮಲ್ಲಿ ಯಾರಿದ್ದಾರೆ? ಆಸ್ಮಾ ಮಾತ್ರ ತಲೆಯಾಡಿಸಲಿಲ್ಲ. ಕಣ್ಣೊರೆಸಿಕೊಂಡು, "ನಾಳಿ ನಮ್ಮ ದಾದೀನ ಕರ್ಕೊಂಡ ಬರ್ತೀನ್ರಿ," ಎಂದಳು.

ಮರುದಿನ ಅಜ್ಜಿ ಹುಸೇನಬಿ ಬಂದೇಬಿಟ್ಟರು. ಕೈಯಲ್ಲಿ ಕವಣೆ. ಜೋಳದ ತೆನೆ ಹಾಲು ತುಂಬುವ ದಿನಗಳಲ್ಲಿ ಹೊಲದ ಅಟ್ಟದ ಮೇಲೆ ನಿಂತು ಹಕ್ಕಿ ಓಡಿಸುವವರು ಅವರು. ನಡುವಿನ ಜೋಳಿಗೆಯಲ್ಲಿ ಕಲ್ಲಿಟ್ಟು, ಹಗ್ಗದ ಎರಡೂ ತುದಿ ಹಿಡಿದು ತಲೆಯ ಮೇಲೆ ತಿರುಗಿಸಿ, ಒಂದು ತುದಿ ಬಿಟ್ಟರಾಯಿತು. ಎಷ್ಟೋ ವರ್ಷಗಳಿಂದ ಅದೇ ಕೆಲಸ.

"ಗುರೂಜಿ, ಗಿಡಕ್ಕ ಹೊಡಿಬೇಕಂದ್ರ ಕಲ್ಲು ಗಿಡದ ಕಡಿ ಬಂದಾಗ ಬಿಡಬಾರದ್ರಿ. ಬಲಕ್ಕಿದ್ದಾಗ ಬಿಡಬೇಕು."

"ಅದು ರೂಢಿ ಆಯಿ, ಇದು ವಿಜ್ಞಾನ," ಎಂದೆ. (ಹೌದು, ಅಂದೇಬಿಟ್ಟೆ. ಈಗ ನೆನೆಸಿಕೊಂಡರೆ ನನ್ನ ಕಿವಿ ನಾನೇ ಹಿಂಡಿಕೊಳ್ಳಬೇಕೆನಿಸುತ್ತದೆ.)

ಸರಿ, ಪ್ರಯೋಗವೇ ಆಗಲಿ! ಕಲ್ಲಿನ ಬದಲು ಒದ್ದೆ ಬಟ್ಟೆಯ ಉಂಡೆ. ಮಕ್ಕಳೆಲ್ಲ ವರಾಂಡದೊಳಗೆ. ಎದುರಿಗೆ ಬೇವಿನ ಮರವೇ ಗುರಿ. ಹೆಡ್ ಮಾಸ್ತರರು ಕೈಕಟ್ಟಿಕೊಂಡು ನನ್ನ ಎಡಕ್ಕೆ ನಿಂತರು. ನನ್ನ ಉತ್ತರದ ಪ್ರಕಾರ ಇಡೀ ಮೈದಾನದಲ್ಲಿ ಅದರಷ್ಟು ಸುರಕ್ಷಿತ ಜಾಗ ಇನ್ನೊಂದಿರಲಿಲ್ಲ.

ಬಲದಿಂದ ಎದುರಿಗೆ, ಎದುರಿನಿಂದ ಎಡಕ್ಕೆ ಬರುವಂತೆ ತಿರುಗಿಸಿದೆ. ಉಂಡೆ ಮರದ ಕಡೆ ಬಂದ ಕ್ಷಣವೇ ತುದಿ ಬಿಟ್ಟೆ. ಪಚಕ್!

"ಏನ್ರೀ ಇದು! ನಾ ಏನ್ ಮಾಡೀನ್ರಿ ನಿಮಗ?" ಹೆಡ್ ಮಾಸ್ತರರು ಹೊಟ್ಟೆ ಹಿಡಿದುಕೊಂಡು ನಿಂತಿದ್ದರು. ಇಸ್ತ್ರಿಯ ಬಿಳಿ ಅಂಗಿ ಒದ್ದೆಮುದ್ದೆಯಾಗಿತ್ತು. ವರಾಂಡದಲ್ಲಿ ಮಕ್ಕಳು ಒಬ್ಬರ ಮೇಲೊಬ್ಬರು ಬಿದ್ದು ನಗುತ್ತಿದ್ದರು.

ಹುಸೇನಬಿ ಸೆರಗು ಸಿಕ್ಕಿಸಿ ಕವಣೆ ತೆಗೆದುಕೊಂಡರು. ಎರಡೇ ಸುತ್ತು. ಉಂಡೆ ಬಲಕ್ಕಿದ್ದಾಗ ಬಿಟ್ಟರು. ಬೇವಿನ ಬೊಡ್ಡೆಗೆ ಪಟ್! ಇನ್ನೊಮ್ಮೆ. ಪಟ್! ಮತ್ತೂ ಒಮ್ಮೆ, ಮಕ್ಕಳು ಕೇಳಿದರೆಂದು.

ಸುತ್ತುವ ಕಲ್ಲು ಪ್ರತಿ ಕ್ಷಣವೂ ನೇರ ಹೋಗಲು ನೋಡುತ್ತಿರುತ್ತದೆ. ದಾರ ಅದನ್ನು ಒಳಗೆ ಎಳೆದೆಳೆದು ತಿರುಗಿಸುತ್ತದೆ. ದಾರ ಬಿಟ್ಟಿತೋ, ಆ ಕ್ಷಣ ಯಾವ ಕಡೆ ಹೊರಟಿತ್ತೋ ಆ ಕಡೆಗೇ ನೇರ ಹೋಗುತ್ತದೆ. ಬಸ್ಸಿನಲ್ಲೂ ಅಷ್ಟೇ, ನಮ್ಮನ್ನು ಯಾರೂ ಹೊರಗೆ ನೂಕುವುದಿಲ್ಲ. ನಾವು ನೇರ ಹೋಗುತ್ತಿರುತ್ತೇವೆ, ಬಸ್ಸು ತಿರುಗುತ್ತದೆ. ಬಿಎಸ್‌ಸಿ ಮಾಡಿದ ನನಗೆ ಇದು ಗೊತ್ತಿರಲಿಲ್ಲವೇ? ಓದಿದ್ದೆ ಸ್ವಾಮಿ! ಆದರೆ ವರ್ಷಗಟ್ಟಲೆ ಬಸ್ಸಿನಲ್ಲಿ ಬಿದ್ದು ಬಿದ್ದು, ಓದಿದ್ದನ್ನು ಮರೆತು ಬಿದ್ದದ್ದನ್ನೇ ನಂಬಿಬಿಟ್ಟಿದ್ದೆ. ನಾವೆಲ್ಲ ಎಷ್ಟು ಸಂಗತಿಗಳನ್ನು ಹೀಗೇ ನಂಬಿ ಕೂತಿದ್ದೇವೋ!

ನಿಜ ಹೇಳಲೇ? ನಾಚಿಕೆಗಿಂತ ಖುಷಿಯೇ ಹೆಚ್ಚಾಯಿತು. ಗುರೂಜಿಯ ಕೆಂಪು ಪೆನ್ನಿಗಿಂತ ತಾನು ಹೊಲದಲ್ಲಿ ಕಂಡದ್ದೇ ದೊಡ್ಡದು ಎಂದು ಹನ್ನೆರಡು ವರ್ಷದ ಹುಡುಗಿ ಹಟ ಹಿಡಿದಳಲ್ಲ! ಇಂಥವಳೊಬ್ಬಳು ಕ್ಲಾಸಿನಲ್ಲಿದ್ದರೆ ಪಾಠ ಮಾಡುವುದೇ ಹಬ್ಬ.

ಎಲ್ಲರೆದುರೇ ಇಂಟು ಹೊಡೆದುಹಾಕಿ ರೈಟು ಬರೆದೆ. ಹತ್ತೊಂಬತ್ತು ಹೋಗಿ ಇಪ್ಪತ್ತಾಯಿತು. "ಜತ್ತಿಗೆ ನೀನ ಹೋಗವ್ವಾ. ಆಯಿ ಕವಣಿ ಮರೀಬ್ಯಾಡ," ಎಂದೆ. ಆಸ್ಮಾ ಅಜ್ಜಿಯ ಸುತ್ತ ಕುಣಿದಳು. ಹೆಡ್ ಮಾಸ್ತರರೂ ಹೊಟ್ಟೆ ಸವರಿಕೊಳ್ಳುತ್ತಲೇ ನಕ್ಕರು. ಅಬ್ಬಾ, ಗೆದ್ದೆ ಎಂದುಕೊಂಡು ಪೆನ್ನನ್ನು ಜೇಬಿಗೆ ಸಿಕ್ಕಿಸಿದೆ.

ಗೇಟಿನವರೆಗೂ ಹೋಗಿದ್ದ ಆಸ್ಮಾ ಓಡೋಡಿ ವಾಪಸ್ ಬಂದಳು.

"ಸರ್ರ, ಹ್ವಾದ ವರ್ಷ ನಮ್ಮ ಅಕ್ಕಾನೂ ಇದ ಉತ್ತರ ಬರ್ದಿದ್ಲ್ರಿ, ನೀವು ಇಂಟು ಹಾಕಿದ್ರಿ. ಆಕಿ ಪೇಪರ್ ಇನ್ನೂ ಮನ್ಯಾಗ ಐತಿ, ಲಗೂನ ತರ್ಲೇನ್ರಿ?"