ಎತ್ತಬೇಡಿ, ಗಾಡಿ ತೋರಿಸಿ

ಬೆಂಗಳೂರಿಗೆ ಬಂದ ಮೊದಲ ದಿನವೇ ನನ್ನ ಕಾಲಿಗೆ ಲಗೇಜು ಚಾರ್ಜು ಬಿತ್ತು. ಕಂಟೋನ್ಮೆಂಟ್ ಸ್ಟೇಷನ್ನಿನ ಹೊರಗೆ ಆಟೋದವನು ನನ್ನನ್ನು ನೋಡಲಿಲ್ಲ, ನಾನು ಕುಳಿತಿದ್ದ ವೀಲ್‌ಚೇರನ್ನು ನೋಡಿದ. "ಬರ್ತೀನಿ. ಚೇರು ಲಗೇಜ್ ಆಗುತ್ತೆ ಮೇಡಂ, ಅದಕ್ಕೆ ಎಕ್ಸ್‌ಟ್ರಾ ಕೊಟ್ಬಿಡಿ" ಎಂದ. "ಗಾಲೀನ ನನ್ನ ಕಾಲಪ್ಪಾ. ನಿನ್ನ ಕಾಲಿಗೂ ಬಾಡಿಗಿ ಹಚ್ಚತಿ ಏನು?" ಎಂದು ಕೇಳಿದೆ. ಅವನು ನಗಲಿಲ್ಲ, ಬೈಯಲೂ ಇಲ್ಲ. ಮುಂದಿನ ಗಿರಾಕಿಯ ಕಡೆ ತಿರುಗಿಕೊಂಡ.

ಗಂಗಾವತಿಯವಳಾದ ನನಗೆ ಇದು ವಿಚಿತ್ರವೆನಿಸಿತು. ನಮ್ಮೂರಿನಲ್ಲಿ ನನ್ನಿಂದ ಯಾರೂ ಹೆಚ್ಚು ಬಾಡಿಗೆ ಕೇಳಿದ್ದಿಲ್ಲ; ಎಷ್ಟೋ ಸಲ ಬಾಡಿಗೆಯನ್ನೇ ಮುಟ್ಟಿಲ್ಲ. ಎರಡು ವರ್ಷದವಳಿದ್ದಾಗ ಪೋಲಿಯೊ ಬಂದು ಕಾಲು ಎರಡೂ ಸೋತ ಮೇಲೆ ಇಡೀ ಊರು ನನ್ನನ್ನು ಎತ್ತಿಕೊಂಡು ತಿರುಗಿದೆ. ಬಸ್ಸಿನ ಕಂಡಕ್ಟರ್ ಎತ್ತಿದ್ದಾನೆ, ಶಾಲೆಯ ಮಾಸ್ತರು ಎತ್ತಿದ್ದಾರೆ, ಮದುವೆಮನೆಯಲ್ಲಿ ಹೆಸರೂ ಗೊತ್ತಿಲ್ಲದ ಗಂಡಸರು ಎತ್ತಿ ಪಂಕ್ತಿಯಲ್ಲಿ ಕೂರಿಸಿದ್ದಾರೆ. ಎಲ್ಲರದೂ ಒಳ್ಳೆಯ ಮನಸ್ಸೇ. ಆದರೆ ಎತ್ತಲೇನಮ್ಮ ಎಂದು ಒಬ್ಬರೂ ಕೇಳಲಿಲ್ಲ. ಮೂವತ್ತು ದಾಟಿದ ಹೆಂಗಸನ್ನು ಹಿಟ್ಟಿನ ಚೀಲದಂತೆ ಹೆಗಲಿಗೆ ಹಾಕಿಕೊಂಡಾಗ ಅವಳ ಸೀರೆ ಎಲ್ಲಿ ಜಾರಿತು, ಮುಖ ಹೇಗೆ ಬಾಡಿತು ಎಂದು ನೋಡುವವರೂ ಇರಲಿಲ್ಲ. ಬೆಂಗಳೂರಿನಲ್ಲಿ ಯಾರೂ ಎತ್ತುವುದಿಲ್ಲ. ಮೊದಲ ತಿಂಗಳು ಅದಕ್ಕೇ ಅತ್ತೆ. ಆಮೇಲೆ ಅದೇ ನನಗೆ ಹಿಡಿಸತೊಡಗಿತು.

ಕೆಲಸ ಸಿಕ್ಕಿದ್ದು ಗರುಡಾಚಾರ್‌ಪಾಳ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ. ಅಲ್ಲಿ ತಗಡು ಕತ್ತರಿಸುವ ಯಂತ್ರಗಳಿಗೆ ಬೇಕಾದ ನಕ್ಷೆಗಳನ್ನು ನಾನು ಕಂಪ್ಯೂಟರಿನಲ್ಲಿ ಬರೆಯುತ್ತೇನೆ. ಅದರ ಸುತ್ತಮುತ್ತ ಮನೆ ಹುಡುಕಿದರೆ ಎಲ್ಲ ಕಟ್ಟಡಗಳಲ್ಲೂ ನೆಲದ ಮಟ್ಟದಲ್ಲಿ ಬೈಕುಗಳಿಗೆ ಜಾಗ, ಮನುಷ್ಯರು ಮಾತ್ರ ಮೇಲೆ ಹತ್ತಬೇಕು. ಕೊನೆಗೆ ಹಲಸೂರಿನ ಪಕ್ಕದ ಮರ್ಫಿ ಟೌನಿನಲ್ಲಿ ಹೊಸ್ತಿಲಿಲ್ಲದ ಒಂದು ಮನೆ ಸಿಕ್ಕಿತು. ಗೋಡೆ ಎಷ್ಟು ತೆಳುವೆಂದರೆ ಪಕ್ಕದ ಮನೆಯ ಒಗ್ಗರಣೆಗೆ ನಮ್ಮ ಮನೆಯಲ್ಲಿ ಸೀನು. ಬೀದಿಯ ಮಾತು ತಮಿಳು. ನಾನು ಮೊದಲು ಕಲಿತ ಪದ 'ಪರವಾಯಿಲ್ಲೆ', ಅಂದರೆ ಅಡ್ಡಿಯಿಲ್ಲ. ನೀರು ಬರದಿದ್ದರೂ ಪರವಾಯಿಲ್ಲೆ, ಕರೆಂಟು ಹೋದರೂ ಪರವಾಯಿಲ್ಲೆ. ಅಂಗಡಿಯಲ್ಲಿ ಜೋಳದ ಹಿಟ್ಟು ಕೇಳಿದರೆ ಗೋವಿನಜೋಳದ ಬಿಳಿ ಪುಡಿ, ಅದೇ ಕಾರ್ನ್‌ಫ್ಲೋರು, ಕೊಟ್ಟರು. ಅದರಲ್ಲಿ ರೊಟ್ಟಿ ತಟ್ಟಲು ಹೋಗಿ ಅಂಟು ಕಲಸಿಕೊಂಡು ಕುಳಿತಿದ್ದಾಗ ಮಹಡಿಯ ಮನೆಯ ಸೆಲ್ವಿ ಇಳಿದು ಬಂದು ಹೊಟ್ಟೆ ಹಿಡಿದುಕೊಂಡು ನಕ್ಕಳು. ಇಂದಿರಾನಗರದ ಬ್ಯೂಟಿ ಪಾರ್ಲರಿನಲ್ಲಿ ಕೆಲಸ ಮಾಡುವ ಆ ಸೆಲ್ವಿಯೇ ಈ ಊರಿನಲ್ಲಿ ನನಗೆ ಸಿಕ್ಕ ಮೊದಲ ಗೆಳತಿ.

ಮೆಟ್ರೊ ಇದೆಯಲ್ಲ ಎಂದು ನೀವು ಕೇಳುತ್ತೀರಿ. ಇದೆ. ಹಲಸೂರಿನಲ್ಲಿ ಲಿಫ್ಟು ಹತ್ತಿದರೆ ಗರುಡಾಚಾರ್‌ಪಾಳ್ಯದವರೆಗೆ ನಾನು ಮಹಾರಾಣಿ. ಕಷ್ಟ ಇರುವುದು ಆ ಕಡೆ ಈ ಕಡೆ. ಮನೆಯಿಂದ ಸ್ಟೇಷನ್ನಿಗೆ ಫುಟ್‌ಪಾತಿನ ಮೇಲೆ ಟ್ರಾನ್ಸ್‌ಫಾರ್ಮರ್, ಎಳನೀರಿನ ಗಾಡಿ, ಚಪ್ಪಡಿ ಹೋದ ಮೋರಿ. ಇಳಿದ ಮೇಲೆ ಕಾರ್ಖಾನೆಯವರೆಗೆ ಫುಟ್‌ಪಾತೇ ಇಲ್ಲ, ಬೆನ್ನ ಹಿಂದೆ ಲಾರಿ. ಅಷ್ಟು ಹತ್ತಿರಕ್ಕೆ ಆಟೋದವರು ಬರುವುದಿಲ್ಲ, ಬಂದರೂ ಚೇರು ನೋಡಿ ಗೇರು ಹಾಕುತ್ತಾರೆ. ಹಾಗಾಗಿ ದಿನಾ ತಡ. ನಮ್ಮ ಯಜಮಾನರು ಮುನಿರಾಜಣ್ಣ, ಆ ಹಳ್ಳಿಯ ಹಳೆಯ ಒಕ್ಕಲು ಮನೆತನದವರು, ರಾಗಿ ಬೆಳೆಯುತ್ತಿದ್ದ ಹೊಲದಲ್ಲೇ ಶೆಡ್ಡು ಹಾಕಿದವರು. ಒಂದು ದಿನ ಕರೆದು ಮೆತ್ತಗೆ ಹೇಳಿದರು.

"ಯಾಕಮ್ಮಾ ಗಿರಿಜಾ ಇಷ್ಟು ಒದ್ದಾಡ್ತೀಯಾ? ಯುಗಾದಿವರ್ಗೂ ನೋಡೋಣ. ಆಗ್ಲಿಲ್ಲ ಅಂದ್ರೆ ಮನೇಲೇ ಕೂತ್ಕೊಂಡ್ ಮಾಡು. ಕಂಪ್ಯೂಟರ್ ನಾನೇ ಕಳ್ಸಿಕೊಡ್ತೀನಿ."

ಅವರು ಕರುಣೆಯಿಂದಲೇ ಹೇಳಿದ್ದು. ಆದರೆ ಮನೆಯಲ್ಲಿ ಕೂರುವುದಾದರೆ ಗಂಗಾವತಿಯ ಮನೆಯೇ ಇತ್ತಲ್ಲ. ಹುಟ್ಟಿದಾಗಿನಿಂದ ಅಲ್ಲೇ ಕುಳಿತಿದ್ದೆ. ನಾಲ್ಕು ಗೋಡೆಯೊಳಗೆ ನಕ್ಷೆ ಬರೆಯುವುದಕ್ಕೆ ಬೆಂಗಳೂರು ಏಕೆ ಬೇಕು ಎಂದು ಅಣ್ಣ ಬಸಣ್ಣ ಕೇಳದೆ ಬಿಡುತ್ತಾನೆಯೇ? ಯುಗಾದಿಯೊಳಗೆ ನನ್ನಷ್ಟಕ್ಕೆ ನಾನು ಕೆಲಸಕ್ಕೆ ಹೋಗುವಂತಾಗಬೇಕು, ಇಲ್ಲವೇ ಗಂಟುಮೂಟೆ ಕಟ್ಟಬೇಕು. ಕಾರು ಕೊಳ್ಳುತ್ತೇನೆ ಎಂದು ಅಂದೇ ತೀರ್ಮಾನಿಸಿದೆ. ಕೈಯಲ್ಲೇ ಬ್ರೇಕು, ಆಕ್ಸಿಲರೇಟರ್ ಒತ್ತುವಂಥ ಕಾರಿನಲ್ಲಿ ಓಡಿಸಲು ಕಲಿತು ಲೈಸೆನ್ಸನ್ನು ಮೊದಲೇ ಮಾಡಿಸಿಟ್ಟಿದ್ದೆ. ಇಲ್ಲದಿದ್ದದ್ದು ಕಾರು ಮಾತ್ರ.

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಬಸಣ್ಣ ಫೋನಿನಲ್ಲಿ ಉಪದೇಶ ಮಾಡಿದ. ನನ್ನ ಕಾಲು ಚಾಚುವುದೇ ಇಲ್ಲವಲ್ಲ, ಹಾಸಿಗೆಯ ಚಿಂತೆ ನನಗೇಕೆ ಎಂದೆ. ಆದರೂ ನನ್ನ ಹಾಸಿಗೆ ಚಿಕ್ಕದೆಂದು ನನಗೂ ಗೊತ್ತಿತ್ತು. ಹೊಸ ಕಾರಿನ ಮಾತೇ ಇಲ್ಲ. ಹಳೆಯದರಲ್ಲೂ ಹಳೆಯದೇ ಗತಿ.

ಭಾನುವಾರಗಳಲ್ಲಿ ಸೆಲ್ವಿಯನ್ನು ಕರೆದುಕೊಂಡು ಕೆ.ಆರ್. ಪುರದಿಂದ ಮಾರತ್ತಹಳ್ಳಿಯವರೆಗೆ ಹಳೇ ಕಾರಿನ ಅಂಗಡಿಗಳನ್ನು ಸುತ್ತಿದೆ. ಎಲ್ಲ ಕಡೆಯೂ ಒಂದೇ ನಾಟಕ. ಮಾರುವವನು ಸೆಲ್ವಿಯ ಮುಂದೆ ಬಾನೆಟ್ಟು ತೆರೆದು ಇಂಜಿನ್ನಿನ ಗುಣಗಾನ ಮಾಡುತ್ತಾನೆ. ಸೈಕಲ್ಲನ್ನೂ ಓಡಿಸದ ಸೆಲ್ವಿ ಗಂಭೀರವಾಗಿ ತಲೆಯಾಡಿಸುತ್ತಾಳೆ. ಕೊಳ್ಳುವವಳು ನಾನು ಎಂದು ಕೂಗಿ ಹೇಳಿದರೂ "ಇವ್ರಿಗೇನು ಬೇಕಂತೆ ಮೇಡಂ?" ಎಂದು ಅವಳನ್ನೇ ಕೇಳುತ್ತಾರೆ. ಒಬ್ಬನಂತೂ ಕಾರು ತೋರಿಸುವ ಮುನ್ನವೇ ನನ್ನ ಕಂಕುಳಿಗೆ ಕೈ ಹಾಕಿದ, ಸೀಟಿನಲ್ಲಿ ಕೂರಿಸುವುದಕ್ಕೆ. ನಮ್ಮೂರಿನ ಕೈ ಇಲ್ಲಿಗೂ ಬಂತಲ್ಲ ಎಂದು ರೇಗಿ, "ಎತ್ತಬ್ಯಾಡ್ರಿ, ಗಾಡಿ ತೋರಿಸ್ರಿ" ಎಂದು ಕಿರುಚಿದೆ.

ನನ್ನ ಪರೀಕ್ಷೆಯೇ ಬೇರೆ. ಬಾಗಿಲು ಎಷ್ಟು ಅಗಲಕ್ಕೆ ತೆರೆಯುತ್ತದೆ? ಸೀಟು ನನ್ನ ಚೇರಿನ ಎತ್ತರಕ್ಕಿದೆಯೇ, ತೋಳಿನ ಬಲದಲ್ಲಿ ಜರುಗಿ ಕೂರಬಹುದೇ? ಕುಳಿತ ಮೇಲೆ ಚೇರನ್ನು ಮಡಿಚಿ, ನನ್ನ ಮೈಮೇಲಿಂದಲೇ ಎಳೆದು ಪಕ್ಕದ ಸೀಟಿಗೆ ಹಾಕಬಹುದೇ? ಹೊಳೆಯುವ ಎಷ್ಟೋ ಕಾರುಗಳು ಇದರಲ್ಲಿ ನಪಾಸಾದವು.

ಪಾಸಾಗಿದ್ದು ಶಿವಾಜಿನಗರದ ಒಂದು ಗಲ್ಲಿಯಲ್ಲಿ, ನಯೀಮ್ ಭಾಯಿಯ ಅಂಗಡಿಯಲ್ಲಿ. ಬೂದಿ ಬಣ್ಣದ, ಗೇರು ಹಾಕುವ ರಗಳೆ ಇಲ್ಲದ ಸಣ್ಣ ಕಾರು. ನಾನು ಜರುಗಿ ಕುಳಿತೆ, ಚೇರನ್ನು ಎಳೆದುಕೊಂಡೆ, ಬಾಗಿಲು ಹಾಕಿಕೊಂಡೆ. ಯಾರೂ ಮುಟ್ಟಲಿಲ್ಲ. ಸ್ಟೀರಿಂಗ್ ಹಿಡಿದು ಕುಳಿತಾಗ ಕಣ್ಣು ತುಂಬಿಬಂತು, ಅದನ್ನು ಸೆಲ್ವಿಗೂ ತೋರಿಸಲಿಲ್ಲ. ಕೊಳ್ಳುವವಳ ಕಣ್ಣಲ್ಲಿ ನೀರು ಕಂಡರೆ ಬೆಲೆ ಏರುತ್ತದೆ.

ಹೇಳಿದ ಬೆಲೆ ನನ್ನ ಶಕ್ತಿಗೆ ಮೀರಿದ್ದು. ನಾನು ಬಾಯಿ ತೆರೆಯುವಷ್ಟರಲ್ಲಿ ನಯೀಮ್ ಭಾಯಿಯ ಅಣ್ಣ, ಒಳಗೆ ಚಹಾ ಕುಡಿಯುತ್ತಿದ್ದ ಮುದುಕ, ತಮ್ಮನಿಗೆ ಹೇಳಿದ: "ಬೇಚಾರಿ ಹೈ ರೇ. ಪೈಸೆ ಕಮ್ ಕರ್ಕೆ ದೇದೋ, ಸವಾಬ್ ಮಿಲ್ತಾ."

ಪಾಪದ ಹೆಂಗಸು, ದುಡ್ಡು ಕಡಿಮೆ ಮಾಡಿ ಕೊಟ್ಟುಬಿಡು, ಪುಣ್ಯ ಬರುತ್ತದೆ. ನನಗೆ ತಿಳಿಯುವುದಿಲ್ಲ ಎಂದುಕೊಂಡಿದ್ದರು. ನಿಜಾಮನ ಸೀಮೆಯಾಗಿದ್ದ ನಮ್ಮೂರಿನಲ್ಲಿ ಪಕ್ಕದ ಓಣಿಯ ಮಾತೇ ಇದು. ಬಳೆಗಾರ್ತಿ ಖಾಜಾಬಿಯ ಮಡಿಲಲ್ಲಿ ಕುಳಿತು ಕಲಿತದ್ದು. ನಯೀಮ್ ಭಾಯಿ ಸೆಲ್ವಿಯ ಕಡೆ ತಿರುಗಿ, "ಆಯ್ತು, ನಲ್ವತ್ತು ಸಾವ್ರ ಬಿಟ್ಕೊಡ್ತೀನಿ, ಇವರಿಗೋಸ್ಕರ" ಎಂದರು.

ಸೆಲ್ವಿಯ ಮುಖ ಅರಳಿತು. ನಾನು ಕಾರಿನೊಳಗಿಂದಲೇ ಹೇಳಿದೆ: "ತುಮಾರಾ ಸವಾಬ್ ನಕ್ಕೊ ಭಾಯ್. ಮೇರೆಕು ಸೌದಾ ಹೋನಾ."

ನಿಮ್ಮ ಪುಣ್ಯ ಬೇಡ, ನನಗೆ ವ್ಯಾಪಾರ ಬೇಕು. ಮುದುಕನ ಲೋಟ ಅರ್ಧ ದಾರಿಯಲ್ಲಿ ನಿಂತಿತು. ಸೆಲ್ವಿ ಕಿಟಕಿಗೆ ಬಾಗಿ ಪಿಸುಗುಟ್ಟಿದಳು: "ಹುಚ್ಚಿ ಏನೇ ನೀನು? ಅವ್ರೇ ಕೊಡ್ತಾರೆ, ತಗೊಳ್ಳೋಕೆ ಏನು ನೋವು ನಿಂಗೆ?"

ನೋವಿತ್ತು. ದಾನ ಕೊಟ್ಟ ಎಮ್ಮೆಯ ಹಲ್ಲು ಹಿಡಿದು ನೋಡಬಾರದು ಎನ್ನುತ್ತಾರೆ. ನನಗೆ ಹಲ್ಲು ನೋಡಬೇಕಿತ್ತು.

"ಶುಕ್ರವಾರ ನಿಮ್ಮ ಬಾಗಿಲಿಗೆ ಬೇಡಾಕ ಬರೋರಿಗೆ ಕೊಡ್ರಿ, ಬ್ಯಾಡ ಅನ್ನಲ್ಲ. ನಾ ಭಾನುವಾರ ಬಂದಾಕಿ, ಗಿರಾಕಿ. ಈಗ ಹೇಳ್ರಿ, ಹಿಂದಿನ ಟಾಯರ್ ಎರಡೂ ಯಾಕ ಸವದಾವು? ಎಸಿ ಹಾಕಿದ್ರ ಹಿಟ್ಟಿನ ಗಿರಣಿ ಸಪ್ಪಳ ಯಾಕ ಬರ್ತದ?"

ನಯೀಮ್ ಭಾಯಿ ಮೊದಲ ಸಲ ನನ್ನ ಮುಖ ನೋಡಿದರು. "ಟೈರ್ ಇನ್ನೂ ಹತ್ತು ಸಾವ್ರ ಕಿಲೋಮೀಟರ್ ಓಡುತ್ತೆ ಮೇಡಂ."

"ಹಂಗಾದ್ರ ಬಿಚ್ಚಿ ನಿಮ್ಮ ಗಾಡಿಗೆ ಹಾಕ್ಕೋರಿ."

ಅಲ್ಲಿಂದ ಜಗಳ ಹತ್ತಿತು. ಅವರು ಇಂಜಿನ್ನಿನ ಮೇಲೆ ಆಣೆ ಇಟ್ಟರು, ನಾನು ಬಂಪರಿನ ಗೀಚು ತೋರಿಸಿದೆ. ನಾನು ಎರಡು ಸಲ ಹೊರಟೆ, ಅವರು ಎರಡು ಸಲ ಕರೆದರು. "ಏನ್ರೀ ನೀವು, ಅದು ಬಾಯೋ ಮೆಷಿನ್ನೋ?" ಎಂದು ಬೈದರು. ಎಷ್ಟು ಹಿತವಾಯಿತು ಆ ಬೈಗಳು! ಹುಟ್ಟಿದಾಗಿನಿಂದ ನನ್ನನ್ನು ಯಾರೂ ಹಾಗೆ ಸರಿಸಮಳೆಂದು ಬೈದಿರಲಿಲ್ಲ. ಕೊನೆಗೆ ಮುದುಕನೇ ನಡುವೆ ಬಂದು ಮಾತು ಮುಗಿಸಿದ. ಇಳಿದದ್ದು ಮೂವತ್ತು ಸಾವಿರ. ಅಂದರೆ ಪುಣ್ಯದ ಬೆಲೆಗಿಂತ ಹತ್ತು ಸಾವಿರ ಹೆಚ್ಚು ಕೊಟ್ಟೆ.

ಆ ತಿಂಗಳೆಲ್ಲ ನನಗೆ ರೊಟ್ಟಿ, ಶೇಂಗಾ ಚಟ್ನಿಪುಡಿಯೇ ಊಟ. ಆ ಹತ್ತು ಸಾವಿರಕ್ಕೆ ನಿನಗೇನು ಸಿಕ್ಕಿತು ಎಂದು ಸೆಲ್ವಿ ಇವತ್ತಿಗೂ ಕೇಳುತ್ತಾಳೆ. ಎಸಿ ಕೆಟ್ಟ ದಿನ ನಯೀಮ್ ಭಾಯಿಗೆ ಫೋನ್ ಮಾಡಿ ಬಾಯಿತುಂಬ ಬೈದೆ. ಅವರು ತಿರುಗಿ ಬೈದು, ಮೆಕ್ಯಾನಿಕ್ ಕಳಿಸಿಕೊಟ್ಟರು. ಪುಣ್ಯಕ್ಕೆ ಪಡೆದ ಕಾರಾಗಿದ್ದರೆ ನಾನು ಬೆವರು ಒರೆಸಿಕೊಂಡು ಸುಮ್ಮನಿರಬೇಕಿತ್ತು.

ಕೆ.ಆರ್. ಪುರದ ಗ್ಯಾರೇಜಿನಲ್ಲಿ ಪೆಡಲುಗಳಿಗೆ ಕೈಯಿಂದ ಒತ್ತುವ ಸರಳು ಹಾಕಿಸಿ, ಆರ್‌ಟಿಒದಲ್ಲಿ ತೋರಿಸಿ ಒಪ್ಪಿಗೆ ಪಡೆಯುವಷ್ಟರಲ್ಲಿ ಯುಗಾದಿ ಹತ್ತಿರ ಬಂದಿತ್ತು. ಮೊದಲ ದಿನ ಟಿನ್ ಫ್ಯಾಕ್ಟರಿಯ ಬಳಿ ಲಾರಿಗಳ ನಡುವೆ ಸಿಕ್ಕಿಕೊಂಡು ನಿಂತುಬಿಟ್ಟೆ. ಹಿಂದಿನವನು ಹಾರ್ನ್ ಹೊಡೆದು, "ಏನ್ ಗುರು, ನಿದ್ದೆ ಮಾಡ್ತಿದ್ದೀಯಾ?" ಎಂದು ಕೂಗಿದ. ಅವನಿಗೆ ನನ್ನ ಚೇರು ಕಾಣಲಿಲ್ಲ, ಕಾಲೂ ಕಾಣಲಿಲ್ಲ, ದಾರಿಗೆ ಅಡ್ಡ ನಿಂತ ಒಂದು ಕಾರು ಕಂಡಿತು ಅಷ್ಟೆ. ನಾನೂ ಹಾರ್ನ್ ಹೊಡೆದೆ. ಕಾರ್ಖಾನೆಯ ಗೇಟಿನಲ್ಲಿ ಮುನಿರಾಜಣ್ಣ ಒಂದು ನಿಮಿಷ ನೋಡಿ, "ನನ್ ಗಾಡಿ ಪಕ್ಕದಲ್ಲೇ ಹಾಕ್ಬಿಡಮ್ಮ, ನೆರಳಿದೆ" ಎಂದರು. ಮನೆಯಲ್ಲಿ ಕೂರುವ ಮಾತು ಮತ್ತೆ ಬರಲಿಲ್ಲ.

ಶ್ರಾವಣ ಬಂತು. ನಮ್ಮ ಕಡೆ ಪಂಚಮಿಗೆ ಅಣ್ಣನಾದವನು ಬಂದು ತಂಗಿಯನ್ನು ಕರೆದೊಯ್ಯುವುದು ರೂಢಿ. ಬಸಣ್ಣ ಫೋನ್ ಮಾಡಿದ.

"ಕರಿಯಾಕ ಬರ್ತೀನವಾ. ತಯಾರಾಗಿರು."

"ಬರಬ್ಯಾಡ. ನಾನ ಬರ್ತೀನಿ, ನನ್ನ ಗಾಡ್ಯಾಗ. ನೀ ಒಂದ ಕೆಲಸ ಮಾಡು, ಮನಿ ಮುಂದಿನ ಮೆಟ್ಟಲ ಬಾಜೂಕ ಒಂದು ಇಳಿಜಾರು ಹಾಕ್ಸು."

"ಅದ್ಯಾಕ? ನಾ ಇಲ್ಲೇನು? ಎತ್ತಿ ಒಳಗ ಒಯ್ತೀನಿ."

"ಎತ್ತಬ್ಯಾಡ ಅಂತನ ಹೇಳಾಕತ್ತೀನಿ ಅಣ್ಣಾ."

ಅವನು ಹೂಂ ಎಂದ.

ಚೇರನ್ನು ಡಿಕ್ಕಿಗೆ ಹಾಕಿ ಸೆಲ್ವಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೊರಟೆ. ಹೊಸಪೇಟೆ ದಾಟಿ ತುಂಗಭದ್ರೆಯ ಕಾಲುವೆ, ನಾಟಿಯಾದ ಭತ್ತದ ಗದ್ದೆಗಳು ಕಂಡಾಗ ನಾನು ಹಾಡಿಕೊಳ್ಳತೊಡಗಿದೆ. ಬೆಂಗಳೂರಿನಲ್ಲಿ ಎಂದೂ ಹಾಡಿಲ್ಲ. ಹುಟ್ಟಿದ ಓಣಿಗೆ ನಾನೇ ಓಡಿಸಿಕೊಂಡು ಬಂದು ಮನೆಯ ಮುಂದೆ ಕಾರು ನಿಲ್ಲಿಸಿದಾಗ ಅಕ್ಕಪಕ್ಕದವರೆಲ್ಲ ಹೊರಗೆ ಬಂದರು.

ಐದು ಮೆಟ್ಟಿಲು ಇದ್ದ ಹಾಗೇ ಇದ್ದವು. ಬಸಣ್ಣ ತೋಳು ಚಾಚಿಕೊಂಡು ಇಳಿದು ಬಂದ.

"ಇಳಿಜಾರು ಎಲ್ಲೈತಿ?"

"ಎರಡ ದಿನದ ಮಾತಿಗೆ ಕಲ್ಲು ಯಾಕ ಕಿತ್ತಬೇಕವಾ? ಬಾ."

ನಾನು ಬಾಗಿಲು ತೆರೆಯಲಿಲ್ಲ. ಹಸಿವಾಗಿತ್ತು. ಒಳಗಿನಿಂದ ಉಂಡಿಗೆ ಹುರಿದ ಎಳ್ಳಿನ ವಾಸನೆ ಬರುತ್ತಿತ್ತು, ಒಳಗೆ ಹೋಗಬೇಕೆಂದು ಜೀವ ಎಳೆಯುತ್ತಿತ್ತು. ಒಂದು ಸಲ ಅವನ ಹೆಗಲೇರಿದರೆ ಯಾರ ಗಂಟು ಹೋಗುತ್ತಿತ್ತು? ನನ್ನದೇ ಹೋಗುತ್ತಿತ್ತು. ಹಟ ಮಾಡಬ್ಯಾಡ ತಂಗಿ ಎಂದು ನೆರೆಯವರು ಬುದ್ಧಿ ಹೇಳಿದರು. ಸೆಲ್ವಿ ಇಳಿದು ಒಳಗೆ ಹೋದಳು. ಬಸಣ್ಣ ಸಿಟ್ಟಿನಿಂದ ಮೆಟ್ಟಿಲ ಮೇಲೆ ಕುಳಿತ. ನಾನು ಸ್ಟೀರಿಂಗ್ ಹಿಡಿದು ಕುಳಿತೇ ಇದ್ದೆ.

ಸ್ವಲ್ಪ ಹೊತ್ತಿಗೆ ಅವ್ವ ತಾಟಿನಲ್ಲಿ ರೊಟ್ಟಿ, ಕಾಳುಪಲ್ಯ, ಉಂಡಿ ಹಾಕಿಕೊಂಡು, ಮಂಡಿನೋವಿಗೆ ಒಂದೊಂದೇ ಮೆಟ್ಟಿಲು ಇಳಿದು ಕಾರಿನ ಹತ್ತಿರ ಬಂದು ನಿಂತಳು. ನಾನು ಬಾಗಿ ಆ ಕಡೆಯ ಬಾಗಿಲು ತೆರೆದೆ.

"ಒಳಗ ಬಾ ಅವ್ವಾ."

ಅವ್ವ ಸೆರಗು ಸರಿಮಾಡಿಕೊಂಡು, ಯಾರದೋ ಹೊಸ ಮನೆಗೆ ಬಂದವಳಂತೆ ಸುತ್ತ ನೋಡುತ್ತ ಕುಳಿತಳು. "ಛಲೋ ಐತಿ" ಎಂದಳು. ಆಮೇಲೆ ತಾಟನ್ನು ತೊಡೆಯ ಮೇಲಿಟ್ಟುಕೊಂಡು ಕೇಳಿದಳು: "ನಿಮ್ಮೂರಿಗೆ ಯಾವಾಗ ಹೊಂಟಿ?"

ಬೆಂಗಳೂರನ್ನು ಅವಳು ನಿಮ್ಮೂರು ಎಂದದ್ದು ಅದೇ ಮೊದಲು.

"ನಮ್ಮೂರು ಇದವ್ವಾ" ಎಂದೆ.

"ಹಂಗಾದ್ರ ಇಳಿ" ಎಂದಳು ಅವ್ವ. ಎಂದವಳೇ ರೊಟ್ಟಿ ಮುರಿದು, ಪಲ್ಯ ಹಚ್ಚಿ ನನ್ನ ಬಾಯಿಯ ಹತ್ತಿರ ತಂದಳು.

ನಾನು ಇಳಿಯಲಿಲ್ಲ. ಬಾಯಿ ತೆರೆದೆ.