ಎಂಟುನೂರು ಲೀಟರಿನ ತೂಕ

ಸೋಪಿನ ಕಾರ್ಖಾನೆಯಲ್ಲಿ ಸಾಮಾನಿನ ಲಿಫ್ಟು ನಡೆಸುವ ಹೆಂಗಸನ್ನು ಎಲ್ಲರೂ ಕರೆಯುತ್ತಿದ್ದುದು ಲೆಕ್ಕದಕ್ಕ ಎಂದೇ. ಲಿಫ್ಟಿನ ಮಿತಿ ಒಂಬೈನೂರು ಕೆಜಿ. ಅದರ ಮೇಲೆ ಒಂದೇ ಒಂದು ಪೆಟ್ಟಿಗೆ ಹೆಚ್ಚಾದರೂ ಅವಳು ಜಪ್ಪಯ್ಯ ಅಂದರೂ ಬಾಗಿಲಾಚೆ ನಿಂತು ಒತ್ತುವ ಗುಂಡಿಯನ್ನು ಮುಟ್ಟುತ್ತಿರಲಿಲ್ಲ.

ಸೋಮವಾರ ಬಂತೆಂದರೆ ಗ್ಲಿಸರಿನ್ ಡ್ರಮ್ಮುಗಳು ಮೂರನೇ ಮಹಡಿಗೆ ಹೋಗಬೇಕು. ಒಂದೊಂದರಲ್ಲಿ ಇನ್ನೂರು ಲೀಟರು. ನಾಲ್ಕಕ್ಕೆ ಎಂಟುನೂರು, ಖಾಲಿ ಡ್ರಮ್ಮುಗಳದ್ದು ಮೂವತ್ತು, ಅವು ಉರುಳದಂತೆ ಹಿಡಿದು ನಿಲ್ಲುವ ಅವಳ ಗಂಡ ಅರವತ್ತು. ಒಟ್ಟು ಎಂಟುನೂರ ತೊಂಬತ್ತು, ಮಿತಿಯೊಳಗೇ. ಒಂಬತ್ತು ವರ್ಷದಿಂದ ಇದೇ ಲೆಕ್ಕ.

ಈ ಸಲ ಡ್ರಮ್ಮಿಗೆ ಅಂಟಿಸಿದ ಚೀಟಿಯಲ್ಲಿ ಹೊಸದೊಂದು ಅಂಕಿಯಿತ್ತು: ಸಾಂದ್ರತೆ 1.26. ಅತ್ತ ಹೋಗುತ್ತಿದ್ದ ಲ್ಯಾಬಿನ ಮೇಡಂ ಅವರನ್ನು ತಡೆದು ಕೇಳಿದಳು.

“ಒಂದು ಲೀಟರ್ ನೀರು ಒಂದು ಕೆಜಿ ಇರುತ್ತಲ್ಲಾ, ಇದು ಅದಕ್ಕಿಂತ ಭಾರ. ಎಷ್ಟು ಲೀಟರೋ ಅದನ್ನ ಈ ಅಂಕಿಯಿಂದ ಗುಣಿಸಿ, ಕೆಜಿ ಬರುತ್ತೆ.”

ಗುಣಿಸಿದಳು. ಸಾವಿರದ ಎಂಟು! ಡ್ರಮ್ಮು, ಗಂಡ ಸೇರಿದರೆ ಸಾವಿರದ ನೂರಕ್ಕೆ ಎರಡೇ ಕಮ್ಮಿ. ಗಂಡ ಆಗಲೇ ನಾಲ್ಕನೇ ಡ್ರಮ್ಮನ್ನು ಒಳಗೆ ತಳ್ಳಿ, “ಒತ್ತೇ” ಅಂದ.

“ಮೊದ್ಲು ಆಚೆ ಬನ್ರೀ!”

ಸೂಪರ್‌ವೈಸರ್ ಓಡಿ ಬಂದ. “ಏನಕ್ಕಾ, ವರ್ಷಗಟ್ಟಲೆ ಹೋಗಿದ್ದು, ಇವತ್ತೇನು ಹೊಸದಾಗಿ?”

ಬಾಯಿ ಮುಚ್ಚಿಕೊಂಡು ಒಂದು ಡ್ರಮ್ಮು ಇಳಿಸಿದ್ದರೆ ಮರ್ಯಾದೆ ಉಳಿಯುತ್ತಿತ್ತು. ಆದರೆ ಅವಳು ರಜೆ ಹಾಕಿದ ದಿನ ಬೇರೆಯವರೂ ಅವಳನ್ನು ನಂಬಿ ನಾಲ್ಕು ತುಂಬಿಸುತ್ತಿದ್ದರಲ್ಲ! ಎಲ್ಲರೆದುರೇ ಹೇಳಿಬಿಟ್ಟಳು: “ನಂದೇ ತಪ್ಪು ಸಾರ್. ಲೀಟರ್ ಅಂದ್ರೆ ಕೆಜಿ ಅಂದ್ಕೊಂಡಿದ್ದೆ. ಇನ್ಮೇಲೆ ಒಂದ್ಸಲಕ್ಕೆ ಮೂರೇ ಡ್ರಮ್, ಯಾರು ಹೇಳಿದ್ರೂ ಅಷ್ಟೇ.”

“ಲೆಕ್ಕದಕ್ಕನ ಲೆಕ್ಕವೇ ತಪ್ಪೋಯ್ತಲ್ಲಪ್ಪಾ!” ಎಂದು ಯಾರೋ ಕಿಸಕ್ಕನೆ ನಕ್ಕರು. ನಾಚಿಕೆಯಿಂದ ಅವಳ ಕಿವಿ ಬಿಸಿಯಾಯಿತು. ಸೂಪರ್‌ವೈಸರ್ ಮಾತ್ರ ನಗದೆ, ಸೀಮೆಸುಣ್ಣ ತಂದು ಲಿಫ್ಟಿನ ಬಾಗಿಲ ಮೇಲೆ ‘ಗ್ಲಿಸರಿನ್ – ಮೂರು’ ಎಂದು ಬರೆದ.

ಮಧ್ಯಾಹ್ನ ಗಂಡ ಊಟದ ಡಬ್ಬಿ ಬಿಚ್ಚುತ್ತಾ ಕೇಳಿದ, “ಅಲ್ವೇ, ಹಂಗಾದ್ರೆ ಇಷ್ಟು ವರ್ಷದಲ್ಲಿ ನಾನು ಎಷ್ಟು ಸಲ ಹಂಗೆ ಮೇಲೆ ಹೋಗಿರ್ಬಹುದು?”

ನಾನೂರ ಐವತ್ತರ ಮೇಲೆ. ಬೆಳಗ್ಗೆಯೇ ಎಣಿಸಿದ್ದಳು.

“ಗೊತ್ತಿಲ್ಲಾರೀ,” ಎಂದು ಅವನ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡಳು.

“ಬಿಡೇ, ಊಟ ಮಾಡ್ಬೇಕು,” ಅಂದ ಅವನು.

ಅವಳು ಬಿಡಲಿಲ್ಲ.